ಮಹಡಿಯಿಂದ ಬಂದ ಸ್ವರ

ಅಂಗಡಿಯಿಂದ
ಮಾರ್ಚ್ ೧೧, ಮಂಗಳವಾರ

ನನ್ನ ಮುದ್ದಿನ ಪೀಪಿ,

ಹೇಗಿದ್ದೀಯಮ್ಮ? ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀಯಾ? ಒಬ್ಬಳೇ ಅಲ್ವಾ ಎಂದು ಅಡುಗೆಗೆ ಚಕ್ಕರ್ ಹೊಡೆಯುತ್ತಿಲ್ಲ ತಾನೆ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನನ್ನ ಕ್ಲಾರಿನೆಟ್ ಕಳಿಸಿ ಎಂದು ನೀನು ಬರೆದು ಎರಡು ವಾರವಾಯಿತು. ತಡವಾದದ್ದೇಕೆಂದು ಹೇಳಿಬಿಡುತ್ತೇನೆ.

ನಿನಗೆ ಎಚ್‌ಐವಿ ಇದೆ ಎಂದು ನೀನು ನಮ್ಮಿಬ್ಬರಿಗೆ ಹೇಳಿದ ಮರುದಿನವೇ ನಿನ್ನಮ್ಮ ನಿನ್ನ ತಟ್ಟೆ ಲೋಟ ಬೇರೆ ಇಟ್ಟಳು. ನಾನು ನೋಡಿಯೂ ಬಾಯಿ ಬಿಡಲಿಲ್ಲ. ನೀನು ಮನೆ ಬಿಟ್ಟು ಹೊರಟ ಮೇಲೆ ಮಹಡಿಯ ನಿನ್ನ ಕೋಣೆಗೆ, ಒಳಗಿದ್ದ ಕ್ಲಾರಿನೆಟ್ ಸಮೇತ, ಬೀಗ ಬಿತ್ತು. ಅಂದಿನಿಂದ ನಾವು ಪಿಸುಮಾತಿನಲ್ಲೇ ಸಂಸಾರ ಮಾಡಿದೆವು, ಮೇಲೆ ಯಾರೋ ಮಲಗಿದ್ದಾರೆ ಎನ್ನುವ ಹಾಗೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಕೆಳಗೆ ಅಂಗಡಿಯಲ್ಲಿ ರಿಪೇರಿಗೆ ಬಂದಿದ್ದ ಯಾರದೋ ಕೊಳಲಿಗೆ ಎಣ್ಣೆ ಸವರುತ್ತಿದ್ದೆ. ಮೇಲಿನಿಂದ ಕ್ಲಾರಿನೆಟ್ ಕೇಳಿಸಿತು. ಒಂದೇ ಸ್ವರ, ತಗ್ಗಿನದು, ಉಸಿರು ಸಾಲದೆ ನಡುಗುವಂಥದ್ದು. ವಾದ್ಯಗಳ ಕಾಯಿಲೆಯನ್ನು ಕಿವಿಯಿಂದಲೇ ಹಿಡಿಯುವವನು ನಾನು. ಅದು ನಿನ್ನದೇ ವಾದ್ಯ. ಕುಂಟುತ್ತಾ ಹತ್ತಿ ಹೋಗುವಷ್ಟರಲ್ಲಿ ಸ್ವರ ನಿಂತಿತ್ತು, ಬಾಗಿಲಿಗೆ ಬೀಗ ಹಾಗೇ ಇತ್ತು. ಹಿತ್ತಲ ಕಡೆಯ ಮೆಟ್ಟಿಲಿಳಿದು ಬಂದರೆ ನಿನ್ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಕೇಳಿಸಿತಾ ಎಂದೆ. ಏನು ಎಂದಳು, ತಲೆ ಎತ್ತಲಿಲ್ಲ.

ಮರುದಿನ ಅದೇ ಹೊತ್ತಿಗೆ ಮತ್ತೆ ಅದೇ ಸ್ವರ. ಮೂರನೆಯ ದಿನ ಬರಿಗಾಲಲ್ಲಿ, ಸದ್ದಾಗದಂತೆ ಹತ್ತಿದೆ. ಬೀಗ ತೆರೆದು ನೇತಾಡುತ್ತಿತ್ತು. ಪರದೆ ಎಳೆದ ಕತ್ತಲೆಯಲ್ಲಿ ನಿನ್ನಮ್ಮ ಗೋಡೆಗೆ ಮುಖ ಮಾಡಿ ನಿಂತು ಕ್ಲಾರಿನೆಟ್ ಊದುತ್ತಿದ್ದಳು. ನನ್ನನ್ನು ಕಂಡು ಬೆಚ್ಚಲೂ ಇಲ್ಲ.

“ಇದು ಅವಳ ಬಾಯಿ ತಾಗಿದ್ದಲ್ವಾ, ಆ ಕಾಯಿಲೆ ನನಗೂ ಬರಲಿ ಅಂತ,” ಎಂದಳು. “ಅವಳೊಬ್ಬಳೇ ಯಾಕೆ ಅನುಭವಿಸ್ಬೇಕು?”

ಮರುದಿನವೇ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ನಗಲಿಲ್ಲ, ಪುಣ್ಯಾತ್ಗಿತ್ತಿ. ಎಂಜಲು, ಬೆವರು, ಅಪ್ಪುಗೆ, ಒಂದೇ ತಟ್ಟೆಯ ಊಟ, ಒಂದೇ ಬಚ್ಚಲು, ಸೊಳ್ಳೆ, ಇವ್ಯಾವುದರಿಂದಲೂ ಅದು ಹರಡುವುದಿಲ್ಲವಂತೆ. ಸೋಂಕಿರುವ ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನೇ ಇನ್ನೊಬ್ಬರು ಬಳಸುವುದು, ರಕ್ಷಣೆಯಿಲ್ಲದ ದೇಹಸಂಬಂಧ, ಬಸಿರು, ಹೆರಿಗೆ, ಎದೆಹಾಲು, ಇವೇ ಅದರ ದಾರಿಗಳಂತೆ. ಅಪ್ಪನಾಗಿ ಬರೆಯಲು ಸಂಕೋಚ, ಆದರೂ ಕೇಳು: ತಪ್ಪದೆ ಮಾತ್ರೆ ನುಂಗಿ, ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ತಗ್ಗಿ ಹಾಗೇ ಉಳಿದರೆ, ಗಂಡನಾಗುವವನಿಗೂ ಆ ಸಂಬಂಧದಿಂದ ಅಂಟುವುದಿಲ್ಲವಂತೆ.

ನಿನ್ನಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: “ಹಾಗಾದ್ರೆ ನಾನು ಅವಳನ್ನ ದೂರ ಇಟ್ಟಿದ್ದು ಯಾತಕ್ಕೆ?”

ಮನೆಗೆ ಬಂದವಳೇ ಬೀಗ ಕಳಚಿ ನನ್ನ ಕೈಗಿಟ್ಟಳು.

ಈಗ ಕೋಣೆ ತೆರೆದೇ ಇದೆ. ಸ್ವರ ನಿಂತಿದೆ. ಆದರೂ ಆ ಹೊತ್ತಾದರೆ ಇಬ್ಬರೂ ಕೆಲಸ ಬಿಟ್ಟು ಮೇಲೆ ನೋಡುತ್ತೇವೆ. ನಿನ್ನಮ್ಮ ಕಚ್ಚಿ ಸೀಳಿದ್ದ ಬಾಯಿತುದಿಯ ರೀಡು ಬದಲಾಯಿಸಿ, ನಾನೇ ಊದಿ ನೋಡಿದ್ದೇನೆ. ಚೆನ್ನಾಗಿ ನುಡಿಯುತ್ತಿದೆ.

ನಿನ್ನ ಉಸಿರು ಗಟ್ಟಿಯಾಗಿರಲಿ, ಕಣ್ತುಂಬ ನಿದ್ದೆ ಬರಲಿ.

ಇಂತಿ,
ನಿನ್ನ ಅಪ್ಪ

ಮರೆತಿದ್ದೆ: ವಾದ್ಯವನ್ನು ಅಂಚೆಗೆ ಹಾಕುತ್ತಿಲ್ಲ. ಶುಕ್ರವಾರ ನಿನ್ನಮ್ಮನೇ ತರುತ್ತಾಳೆ. ಬೇರೆ ಹಾಸಿಗೆ ಹುಡುಕಬೇಡವಂತೆ. ನಿನ್ನ ಹೊದಿಕೆಯೊಳಗೇ ಜಾಗ ಕೊಡುತ್ತೀಯಾ ಎಂದು ಕೇಳಲು ಹೇಳಿದ್ದಾಳೆ. ಬೇಡ ಎನಿಸಿದರೆ ಬೇಡವೆಂದೇ ಬರೆ. ಬಾಗಿಲಲ್ಲೇ ಕೊಟ್ಟು ಹಿಂತಿರುಗುತ್ತಾಳಂತೆ.