ನೀಲಿ ಚೌಕದ ಬಾವುಟ

ಭೋಸರಿ, ಪುಣೆ
೨೭ ನವೆಂಬರ್ ೨೦೨೪, ಬುಧವಾರ

ಪ್ರೀತಿಯ ಲೀಲಾ,

ಹೇಗಿದ್ದೀ? ಶ್ರದ್ಧಾ ಹೇಗಿದ್ದಾಳೆ, ಮೊಮ್ಮಗಳು ಹೇಗಿದ್ದಾಳೆ? ಕೇರಿಗೆಲ್ಲ ಕೇಳುವ ಹಾಗೆ ಅಳುತ್ತಾಳೆ ಎಂದು ನೀನು ಹೇಳಿದ್ದೆ, ಅಳಲಿ ಬಿಡು, ಗಂಟಲು ನಿನ್ನ ಕಡೆಯದು. ಬಾಣಂತಿಗೆ ನೀರು ಹಾಕಲು ಬಗ್ಗಿ ಬಗ್ಗಿ ನಿನ್ನ ಸೊಂಟ ಹಿಡಿದುಕೊಂಡಿರಬಹುದು. ಎಲ್ಲವನ್ನೂ ನಾನೇ ಮಾಡುತ್ತೇನೆ ಎಂದು ಹಟ ಹಿಡಿಯಬೇಡ, ಅಳಿಯನ ಕೈಗೂ ಒಂದಿಷ್ಟು ಕೆಲಸ ಕೊಡು. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ಮರೆತಿಲ್ಲ. ಹೋಟೆಲು ನಡೆಯುತ್ತಿದೆ, ನೀನಿಲ್ಲದೆ ಚಟ್ನಿ ಮಾತ್ರ ದಿನಕ್ಕೊಂದು ರುಚಿ. ಮೊನ್ನೆ ಫೋನಿನಲ್ಲಿ ನೀನು, 'ನಿಮಗೆ ಹೂಂ, ಉಹೂಂ ಬಿಟ್ಟರೆ ಬೇರೆ ಮಾತು ಬರುವುದಿಲ್ಲ, ಸ್ಪರ್ಧೆಯ ಸಂಗತಿ ಪೂರ್ತಿ ಬರೆದು ಕಳಿಸಿ ಮಾರಾಯ್ರೆ' ಎಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಹೇಳುವವರೆಗೆ ನಿನಗೆ ಏನೂ ಹೇಳಬಾರದು ಎಂದು ಪಂಢರಿನಾಥರಲ್ಲಿ ಕೇಳಿಕೊಂಡಿದ್ದೆ. ನಿನ್ನೆ ನೀನು ಮತ್ತೆ ಫೋನಿನಲ್ಲಿ 'ಏನಾಯಿತು, ಏನಾಯಿತು' ಎಂದು ಕೇಳಿದಾಗ ಅವರು ಮಾತು ಉಳಿಸಿಕೊಂಡಿದ್ದಾರೆ ಎಂದು ಗೊತ್ತಾಯಿತು. ಆ ಮನುಷ್ಯ ಅದರಲ್ಲೂ ಒಳ್ಳೆಯವನೇ ಆಗಬೇಕೇ?

ಅವರ ಹೆಸರು ಬಂದ ಕೂಡಲೇ ನೀನು ನಗುತ್ತೀ, ಅದು ನನಗೆ ಗೊತ್ತು. ಚಾಕಣದ ಕಾರು ಕಾರ್ಖಾನೆಯಿಂದ ನಿವೃತ್ತರಾದವರು, ಸೊಲ್ಲಾಪುರದ ಕಡೆಯವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವವರು, ನಿನ್ನನ್ನು 'ಅಕ್ಕಾರ' ಎಂದು ಕರೆಯುವ ಸಭ್ಯರು. ಇದನ್ನೆಲ್ಲ ನೀನು ನನಗೆ ಎಷ್ಟು ಸಲ ಹೇಳಿಲ್ಲ! ಆ ವಯಸ್ಸಿನಲ್ಲಿ ಅವರಿಗೆ ಹೊಟ್ಟೆ ಬಂದಿಲ್ಲ, ನನ್ನ ಲೆಕ್ಕದಲ್ಲಿ ಅದೇ ಅವರ ಮೊದಲ ಅಪರಾಧ. ಎರಡನೆಯದು, ಭೋರ್ ಕಡೆಯ ಹಿನ್ನೀರಿನಲ್ಲಿ ನಮ್ಮ ಹಾಯಿದೋಣಿ ಕ್ಲಬ್ಬಿನವರು ಮೊದಲ ಸಲ ದೋಣಿ ತೋರಿಸಲು ಎಲ್ಲರನ್ನೂ ಕರೆದ ದಿನ, 'ನನ್ನ ದೋಣಿಗೆ ಇನ್ನೊಬ್ಬರು ಬೇಕಾಗ್ಯಾರ್ರಿ' ಎಂದು ಕೇಳಿದ್ದು. ನಿನ್ನ ತವರಿನಲ್ಲಿ ಕಡಲು ಅಂಗಳದವರೆಗೆ ಬರುತ್ತಿತ್ತು, ನೀನು ಸೆರಗು ಸಿಕ್ಕಿಸಿ ಹಾರಿಯೇಬಿಟ್ಟೆ. ನಾನು ಘಟ್ಟದ ಬುಡದವನು, ಬಾವಿಯ ನೀರನ್ನೂ ಬಗ್ಗಿ ನೋಡಿದವನಲ್ಲ. ನೀನು ದೋಣಿಯಿಂದ ತಿರುಗಿ, 'ನಿಮಗೆ ನೀರು ಕಂಡರೆ ಆಗುವುದಿಲ್ಲವಲ್ಲ, ನೀವು ದಡದಲ್ಲೇ ಇರಿ ಮಾರಾಯ್ರೆ' ಎಂದೆ. ಪ್ರೀತಿಯಿಂದಲೇ ಹೇಳಿದ್ದು. ಆದರೆ 'ಬರುತ್ತೀರಾ' ಎಂದು ಒಂದು ಸಲವೂ ಕೇಳಲಿಲ್ಲ.

ಅವತ್ತಿನಿಂದ ನಾನು ನಿಯಮದ ಪುಸ್ತಕ ಹಿಡಿದೆ. ಸ್ಪರ್ಧೆ ನಡೆಸುವವನಿಗೆ ಈಜು ಬರಬೇಕಿಲ್ಲ, ಲಂಗರು ಹಾಕಿದ ಅಗಲದ ದೋಣಿಯಲ್ಲಿ ಕುರ್ಚಿ ಹಾಕಿ ಕೂತು ಬಾವುಟ ಏರಿಸಬೇಕು, ಇಳಿಸಬೇಕು, ಹಾರನ್ ಒತ್ತಬೇಕು. ಎರಡು ಲೈಫ್ ಜಾಕೆಟ್ ಒಂದರ ಮೇಲೊಂದು ಹಾಕಿಕೊಂಡು, ಕುರ್ಚಿಯ ಕೈ ಬಿಡದೆ, ನಾನು ಸ್ಪರ್ಧಾಧಿಕಾರಿಯಾದೆ. ಎಲ್ಲರೂ ನನ್ನ ಶ್ರದ್ಧೆಯನ್ನು ಹೊಗಳಿದರು. ಶ್ರದ್ಧೆಯೂ ಇಲ್ಲ, ಮಣ್ಣೂ ಇಲ್ಲ, ನಿನ್ನ ಮೇಲೆ ಕಣ್ಣಿಡಲು ನೀರಿನ ಮೇಲೆ ನನಗೊಂದು ಜಾಗ ಬೇಕಿತ್ತು, ಅಷ್ಟೆ. ಅಲ್ಲಿ ಕೂತರೆ ನಿಮ್ಮ ದೋಣಿಯ ನೀಲಿ ಹಾಯಿ ಕಾಣುತ್ತಿತ್ತು, ಆಮೇಲೆ ನಿನ್ನ ನಗು ಕೇಳುತ್ತಿತ್ತು. ನೀರಿನ ಮೇಲೆ ಶಬ್ದ ಎಷ್ಟು ದೂರ ಬರುತ್ತದೆ ಎಂದು ನಿನಗೆ ಗೊತ್ತಿಲ್ಲ. ಮಾತು ತಿಳಿಯುವುದಿಲ್ಲ, ನಗು ಮಾತ್ರ ನೇರ ಬಂದು ಕಿವಿಗೆ ಬೀಳುತ್ತದೆ. ಇಷ್ಟು ವರ್ಷ ಗಲ್ಲಾದ ಹಿಂದೆ ನನ್ನ ಪಕ್ಕದಲ್ಲೇ ಕೂತಿದ್ದರೂ ನೀನು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಲೀಲಾ. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕಿದೆ, ಸಿಗಲಿಲ್ಲ.

ಈ ವರ್ಷ ಅದಕ್ಕೆ ತುಪ್ಪ ಸುರಿದದ್ದು ಕ್ಲಬ್ಬಿನ ಜಗಲಿಯಲ್ಲಿರುವ ಆ ತೇಗದ ಹಲಗೆ. ಮಳೆಗಾಲ ಮುಗಿದ ಮೇಲಿನ ಸ್ಪರ್ಧೆಗಳ ಅಂಕವನ್ನೆಲ್ಲ ಕೂಡಿಸಿ ಕಪ್ ಕೊಡುತ್ತಾರೆ, ಗೆದ್ದ ದೋಣಿಯ ಇಬ್ಬರ ಹೆಸರನ್ನು ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಬರೆಸುತ್ತಾರೆ. ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು, ಯಾರ ಮೊತ್ತ ಕಡಿಮೆಯೋ ಅವರದು ಕಪ್. ನೀನು ಊರಿಗೆ ಹೊರಡುವಾಗ ನಿಮ್ಮ ದೋಣಿಯೇ ಮುಂದಿತ್ತು. ಕೊನೆಯ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನದೊಳಗೆ ಬಂದರೆ ಸಾಕು, ಪಂಢರಿನಾಥ, ಲೀಲಾಕ್ಷಿ ಎಂದು ಅಕ್ಕಪಕ್ಕ, ಕ್ಲಬ್ ಇರುವಷ್ಟು ಕಾಲ, ಮದುವೆಯ ಕರೆಯೋಲೆಯ ಹಾಗೆ. ನಮ್ಮಿಬ್ಬರ ಹೆಸರು ಒಟ್ಟಿಗೆ ಬರೆದದ್ದು ಎಲ್ಲಿದೆ ಹೇಳು? ಗ್ಯಾಸ್ ಬುಕ್ಕಿನಲ್ಲಿ ನನ್ನದೊಂದೇ, ಹೋಟೆಲಿನ ಬೋರ್ಡಿನಲ್ಲಿ ದೇವರದು.

ಕೊನೆಯ ಸ್ಪರ್ಧೆಗೆ ನೀನಿಲ್ಲವಲ್ಲ, ಅದಕ್ಕೆ ಪಂಢರಿನಾಥರು ನಿನ್ನ ಜಾಗಕ್ಕೆ ತಮ್ಮ ತಂಗಿಯ ಮಗಳು ದುರ್ಗಾಳನ್ನು ಕೂರಿಸಲು ಒಪ್ಪಿಗೆ ಕೇಳಿದರು. ಸ್ಪರ್ಧಾಧಿಕಾರಿ ಸಹಿ ಮಾಡದೆ ದೋಣಿಯಲ್ಲಿ ಜನ ಬದಲಾಯಿಸುವ ಹಾಗಿಲ್ಲ. ಸಹಿ ಮಾಡಿದೆ, ಆದರೆ ಒಳಗೆ ಉರಿಯಿತು. ನೀನು ಅವರ ಜೊತೆ ಹೋದರೆ ನನಗೆ ಆಗುವುದಿಲ್ಲ, ಸರಿ. ಆದರೆ ನಿನ್ನ ಜಾಗಕ್ಕೆ ಇಷ್ಟು ಸುಲಭವಾಗಿ ಇನ್ನೊಬ್ಬರನ್ನು ತರಬಹುದು ಎಂದರೆ ಅದೂ ಆಗುವುದಿಲ್ಲ! ಹೆಚ್ಚು ಸ್ಪರ್ಧೆಗೆ ಕೂತವಳು ನೀನಾದ್ದರಿಂದ ಗೆದ್ದರೆ ಹಲಗೆಗೆ ಬರುವುದು ನಿನ್ನ ಹೆಸರೇ ಎಂದು ಅವರೇ ನೆನಪಿಸಿದರು, ನನಗೆ ಸಂತೋಷವಾಗಲಿ ಎಂದು.

ಭಾನುವಾರ ಆಕಾಶ ತಿಳಿಯಾಗಿತ್ತು, ಗಾಳಿ ಮೆಲ್ಲಗಿದ್ದರೂ ಹದವಾಗಿತ್ತು. ಹೊರಡುವ ಐದು ನಿಮಿಷ ಮೊದಲು ಎಚ್ಚರಿಕೆಯ ಒಂದು ಬಾವುಟ, ಹಾರನ್. ಆಮೇಲೆ ಸಿದ್ಧರಾಗಿ ಎನ್ನುವ ಇನ್ನೊಂದು. ಅದು ಇಳಿದ ಮೇಲೆ ಉಸಿರು ಬಿಗಿಹಿಡಿಯುವ ಒಂದು ನಿಮಿಷ. ಯಾರೂ ಗೆರೆ ದಾಟಿ ಮುಂಚೆ ಹೊರಡಲಿಲ್ಲ. ಮೂರು ಸುತ್ತಿನ ಸ್ಪರ್ಧೆ, ಪ್ರತಿ ಸುತ್ತಿನ ಕೊನೆಗೆ ನಾನು ಕೂತ ದೋಣಿಯ ಪಕ್ಕದ ಗೆರೆಯನ್ನೇ ದಾಟಬೇಕು. ಎರಡನೆಯ ಸುತ್ತಿನ ಅರ್ಧದಲ್ಲಿ ನೋಡಿದರೆ ನೀಲಿ ಹಾಯಿ ಐದನೆಯದು. ದುರ್ಗಾ ಪಾಪ ಹೊಸಬಳು, ತಿರುವಿನಲ್ಲಿ ಹಗ್ಗ ಸಿಕ್ಕಿಸಿಕೊಂಡಿದ್ದಳು. ಆದರೆ ಪಂಢರಿನಾಥರು ದಡದ ಕಡೆ ಸರಿದು ಹೊಸ ಗಾಳಿ ಹಿಡಿದಿದ್ದರು, ಒಂದೊಂದೇ ಅಡಿ ಹತ್ತಿರವಾಗುತ್ತಿದ್ದರು. ಇನ್ನೊಂದು ಸುತ್ತು ಸಿಕ್ಕರೆ ಮೂರನೆಯವರಾಗುತ್ತಾರೆ, ಬಹುಶಃ ಎರಡನೆಯವರೂ. ಇಷ್ಟು ನೋಡಿ ನೋಡಿ ನನಗೂ ಅಷ್ಟು ತಿಳಿಯುತ್ತದೆ.

ನನ್ನ ಕಾಲ ಬಳಿಯ ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆಯ ನಡುವೆ ನೀಲಿ ಚೌಕವಿರುವ ಒಂದು ಬಾವುಟವಿದೆ. ಅದನ್ನು ಏರಿಸಿ ಎರಡು ಸಲ ಹಾರನ್ ಒತ್ತಿದರೆ ಸ್ಪರ್ಧೆಯನ್ನು ಮೊಟಕುಗೊಳಿಸಿದೆ ಎಂದರ್ಥ, ಮುಂದಿನ ಸುತ್ತು ಇಲ್ಲ, ಈ ಗೆರೆಯೇ ಕೊನೆ. ಗಾಳಿ ಸತ್ತರೆ, ಹವೆ ಕೆಟ್ಟರೆ, ಯಾರಿಗಾದರೂ ಅಪಾಯವಾದರೆ ಹಾಗೆ ಮಾಡಬಹುದು. ಗಾಳಿ ಸತ್ತಿರಲಿಲ್ಲ, ಲೀಲಾ. ನನ್ನ ಕೆನ್ನೆಗೇ ತಾಗುತ್ತಿತ್ತು. ಆದರೂ ನನ್ನ ಕೈ ಕುರ್ಚಿಯನ್ನು ಬಿಟ್ಟಿತು. ಅಷ್ಟು ವರ್ಷದಲ್ಲಿ ನೀರಿನ ಮೇಲೆ ಕುರ್ಚಿ ಬಿಟ್ಟು ನಿಂತದ್ದು ಅದೇ ಮೊದಲು, ಭಯವೂ ಆಗಲಿಲ್ಲ. ಬಾವುಟ ಏರಿಸಿದೆ, ಎರಡು ಸಲ ಹಾರನ್ ಒತ್ತಿದೆ. ನೀಲಿ ಹಾಯಿ ಐದನೆಯದಾಗಿಯೇ ಗೆರೆ ದಾಟಿತು. ಕಪ್ ತಪ್ಪಿತು, ಹಲಗೆಯೂ ತಪ್ಪಿತು. ನಿನ್ನ ಕಪ್ಪೂ ಅದೇ ಎಂಬುದು ಆ ಕ್ಷಣ ನನ್ನ ತಲೆಗೇ ಹೋಗಲಿಲ್ಲ, ಅಷ್ಟು ಖುಷಿಯಾಗಿತ್ತು ನನಗೆ.

ದಡಕ್ಕೆ ಬಂದರೆ ಬೈಯುವವರೇ ಇಲ್ಲ! ಮಧ್ಯಾಹ್ನ ಗಾಳಿ ನಿಲ್ಲುತ್ತಿತ್ತು, ಒಳ್ಳೆಯದೇ ಮಾಡಿದಿರಿ ಎಂದು ಒಂದಿಬ್ಬರು ಬೆನ್ನು ತಟ್ಟಿದರು. ಪಂಢರಿನಾಥರು ಒದ್ದೆ ಬಟ್ಟೆಯಲ್ಲೇ ಬಂದು ನನ್ನ ಕೈ ಹಿಡಿದರು. ತೀರ್ಪು ಅನ್ಯಾಯ ಎನಿಸಿದರೆ ಪರಿಹಾರ ಕೇಳುವ ಹಕ್ಕು ದೋಣಿಯವರಿಗಿದೆ, ಕೇಳಲು ಬಂದರೆಂದು ನಾನು ಸಿದ್ಧನಾಗಿ ನಿಂತೆ. ಅವರು ಹೇಳಿದ್ದು ಇದು: 'ಭಾಳ ಛಲೋ ಮಾಡಿದ್ರಿ ಸಂಕಪ್ಪಣ್ಣಾ. ನೀವು ಬಾವುಟ ಹಚ್ಚೀರಿ ಅಂದ್ರ ಅದಕ್ಕೊಂದು ಕಾರಣ ಇದ್ದ ಇರತದ. ಅಕ್ಕಾರೂ ಹಂಗ ಅಂತಾರ್ರಿ. ದೋಣ್ಯಾಗ ಕುಂತ್ರ ಅವರ ಬಾಯಾಗ ಬರೇ ನಿಮ್ಮದ ಮಾತು. ಅಲ್ಲಿ ನೋಡ್ರಿ ನಮ್ಮ ಯಜಮಾನ್ರು, ಎರಡ ಜಾಕೀಟ ಹಾಕ್ಕೊಂಡು ಕುರ್ಚಿ ಅಪ್ಪಿಕೊಂಡ ಕುಂತಾರ, ಆದ್ರ ಒಂದು ಹಾರನ್ನೂ ತಪ್ಪೂದಿಲ್ಲ ಅಂತ ಹೇಳಿ ಹೇಳಿ ನಗತಿರತಾರ್ರಿ.'

ನಾನು ಅಷ್ಟು ದಿನ ಹಲ್ಲು ಕಚ್ಚಿ ಕೇಳಿಸಿಕೊಂಡ ಆ ನಗು ನನ್ನ ಮೇಲಿನದೇ ಆಗಿತ್ತು. ಸಮಾಧಾನವಾಯಿತು ಎಂದುಕೊಳ್ಳಬೇಡ, ನನ್ನ ಸಂಗತಿಯನ್ನೇ ಹೇಳಿಕೊಂಡು ಅವರ ಜೊತೆ ನಗುವುದೇಕೆ ಎಂದು ಇನ್ನೂ ಒಂದು ತುತ್ತು ಹೊಟ್ಟೆಕಿಚ್ಚು ಹೆಚ್ಚಾಯಿತು. ಆದರೆ ಒಂದು ಹಾರನ್ನೂ ತಪ್ಪುವುದಿಲ್ಲ ಎಂದೆಯಂತಲ್ಲ, ಆ ಮಾತು ನನ್ನನ್ನು ಬಿಡಲಿಲ್ಲ. ಅವತ್ತು ತಪ್ಪಿದ್ದೆ. ಮನೆಗೆ ಹೋಗಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನೀನು ಮಾತ್ರ ಮುಂದೆಯೂ ಹಾಗೇ ಹೇಳಿಕೊಂಡು ನಗುತ್ತಿದ್ದೆ.

ದೋಣಿಯವರು ಕೇಳದಿದ್ದರೂ ಅವರ ಪರವಾಗಿ ಸ್ಪರ್ಧೆ ನಡೆಸಿದವನೇ ಪರಿಹಾರ ಕೇಳಬಹುದು ಎಂದು ನಿಯಮದಲ್ಲಿ ಒಂದು ಸಾಲಿದೆ. ಅದನ್ನು ಬಳಸಿದವರನ್ನು ನಮ್ಮ ಕ್ಲಬ್ಬಿನಲ್ಲಿ ಯಾರೂ ಕಂಡಿರಲಿಲ್ಲ. ಗಡುವು ಮುಗಿಯುವ ಮೊದಲು ನಾನು ಹೋಗಿ, ನನ್ನ ಬಾವುಟದ ವಿರುದ್ಧ ನಾನೇ ವಿಚಾರಣೆ ಕೇಳಿದೆ. ವಿಚಾರಣಾ ಸಮಿತಿಯ ಅಧ್ಯಕ್ಷೆ ಅಪೂರ್ವ, ಅದೇ ಹಿಂಜವಡಿಯಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿ, ನಿನ್ನ ನೀರುದೋಸೆಗೆ ಬರುತ್ತಾಳಲ್ಲ, ಅವಳೇ. ಮೊದಲು ತಮಾಷೆ ಎಂದುಕೊಂಡಳು. 'ಅಂಕಲ್, ಗಾಳಿ ಡ್ರಾಪ್ ಆಗ್ತಿದೆ ಅಂತ ತಾನೆ ಶಾರ್ಟನ್ ಮಾಡಿದ್ದು? ಅಷ್ಟು ಹೇಳಿಬಿಡಿ, ಮುಗೀತು' ಎಂದು ದಾರಿಯನ್ನೂ ತೋರಿಸಿದಳು. ಪಕ್ಕದಲ್ಲಿ ಇನ್ನಿಬ್ಬರು, ಎದುರಿಗೆ ಪಂಢರಿನಾಥರು. ನಾನು ಇಲ್ಲ ಎಂದೆ. ಗಾಳಿ ಇತ್ತು, ನನ್ನ ಹೆಂಡತಿಯ ಹೆಸರು ಈ ಮನುಷ್ಯನ ಹೆಸರಿನ ಪಕ್ಕ ಬರುವುದನ್ನು ನನ್ನಿಂದ ನೋಡಲಾಗಲಿಲ್ಲ, ಅದಕ್ಕೇ ಏರಿಸಿದೆ ಎಂದೆ.

ಪಂಢರಿನಾಥರು ತಲೆ ಬಗ್ಗಿಸಿ ತಮ್ಮ ಚಪ್ಪಲಿ ನೋಡುತ್ತಿದ್ದರು. ಕಡೆಗೆ ಮೆಲ್ಲಗೆ, 'ನನ್ನ ಮನಿಯಾಕಿ ಇದ್ದಾಗ ನಾನೂ ಹಿಂಗ ಇದ್ದೆರಿ' ಎಂದರು, ಅಷ್ಟೆ. ನನಗೆ ಅವರನ್ನು ಸರಿಯಾಗಿ ದ್ವೇಷಿಸುವ ಅವಕಾಶವೂ ತಪ್ಪಿತು.

ತೀರ್ಪು ಹೀಗಾಯಿತು. ಆ ಒಂದು ಸ್ಪರ್ಧೆಗೆ ನಿಮ್ಮ ದೋಣಿಗೆ ಹಿಂದಿನ ಸ್ಪರ್ಧೆಗಳ ಸರಾಸರಿ ಅಂಕ ಕೊಟ್ಟರು, ಅದರಿಂದ ಕಪ್ ನಿಮ್ಮದಾಯಿತು. ನೀನು ಗೆದ್ದೆ, ಲೀಲಾ! ಹಲಗೆಯ ಮೇಲೆ ಹೆಸರು ಬರೆದೂ ಆಯಿತು, ನಾನೇ ಹೋಗಿ ನಿಂತು ಬರೆಸಿದೆ. ಎರಡು ಹೆಸರಿನ ನಡುವೆ ನಾಲ್ಕು ಬೆರಳು ಜಾಗ ಬಿಡಿಸಿದ್ದೇನೆ, ಅದು ಯಾವ ನಿಯಮಕ್ಕೂ ವಿರುದ್ಧವಲ್ಲ. ನನ್ನ ಹುದ್ದೆ ಮಾತ್ರ ಹೋಯಿತು. 'ಸಾರಿ ಅಂಕಲ್, ಇನ್ಮೇಲೆ ನೀವು ರೇಸ್ ಆಫೀಸರ್ ಆಗೋ ಹಾಗಿಲ್ಲ' ಎನ್ನುವಾಗ ಅಪೂರ್ವಳ ಕಣ್ಣು ತುಂಬಿತ್ತು. ಅವಳು ಮಾಡಿದ್ದು ಸರಿ. ಬಾವುಟದ ಪೆಟ್ಟಿಗೆ ಒಪ್ಪಿಸಿ ಬಂದೆ. ಇನ್ನು ಮುಂದೆ ನೀನು ನೀರಿಗಿಳಿದರೆ ನನಗೆ ಅಲ್ಲಿ ಕೂರಲು ಕುರ್ಚಿಯೂ ಇಲ್ಲ, ದಡವೇ ಗತಿ.

ಬೈಯುವುದಿದ್ದರೆ ಬೈದುಬಿಡು, ಫೋನಿನಲ್ಲಿ ಹೂಂ ಎನ್ನುತ್ತೇನೆ. ಶ್ರದ್ಧಾಳಿಗೆ ಬೆಳ್ಳುಳ್ಳಿ, ಮೆಂತ್ಯ ತಪ್ಪದೆ ತಿನ್ನಿಸು. ಅಳಿಯನಿಗೆ ನೆನಪು ತಿಳಿಸು. ಮೊಮ್ಮಗಳ ತಲೆಯ ಮೇಲೆ ನನ್ನ ಪರವಾಗಿ ಕೈಯಿಟ್ಟು, ನೂರು ವರ್ಷ ಬಾಳು, ಯಾವ ನೀರಿಗೂ ಹೆದರಬೇಡ ಎಂದು ಹೇಳು.

ನಿನ್ನ,
ಸಂಕಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಸೋಮವಾರದಿಂದ ಬೆಳಿಗ್ಗೆ ಈಜುಕೊಳಕ್ಕೆ ಹೋಗುತ್ತಿದ್ದೇನೆ, ಶ್ರದ್ಧಾಳಿಗೆ ಹೇಳಬೇಡ. ಜಾಕೆಟ್ ತೊಟ್ಟು ಕ್ಲಬ್ಬಿನ ದೋಣಿಕಟ್ಟೆಯ ಈ ತುದಿಯಿಂದ ಆ ತುದಿಗೆ ಈಜಿ ತೋರಿಸದವರನ್ನು ಹಾಯಿದೋಣಿ ಹತ್ತಿಸುವ ಹಾಗಿಲ್ಲ ಎಂಬ ನಿಯಮ ನಿನಗೆ ಗೊತ್ತೇ ಇದೆ. ಇವತ್ತು ಮುಖ ನೀರಿಗೆ ಹಾಕಿದೆ, ಸಾಯಲಿಲ್ಲ. ನೀನು ಬರುವಷ್ಟರಲ್ಲಿ ಕಲಿತಿರುತ್ತೇನೆ. ಆಮೇಲೆ ನೀನು ಬೇಕಾದರೆ ಪಂಢರಿನಾಥರ ಜೊತೆಗೇ ಹೋಗು, ಆದರೆ ಮೊದಲು ಒಂದು ಸಲ 'ಬರುತ್ತೀರಾ' ಎಂದು ನನ್ನನ್ನು ಕೇಳು. ಚುಕ್ಕಾಣಿ ನೀನೇ ಹಿಡಿ. ನಾನು ಎದುರಿಗೆ ಕೂತು, ಹಿಡಿಯಲು ಸಿಕ್ಕಿದ್ದನ್ನು ಹಿಡಿದುಕೊಂಡಿರುತ್ತೇನೆ. ನನ್ನನ್ನು ನೋಡಿ ನಗಬೇಕೆನಿಸಿದರೆ ಆಗ ಅಲ್ಲೇ ನಗು, ಹತ್ತಿರದಿಂದ ಕೇಳಬೇಕು.