ಹಿಂದಿನ ಸೀಟಿಲ್ಲದ ಕಾರು

ಶನಿವಾರ, ಮಧ್ಯಾಹ್ನ
ಶೆಡ್ಡಿನ ಪಕ್ಕದ ಕೋಣೆಯಿಂದ

ಮಗಳ ಮನೆಯ ಊಟದ ಮೇಜಿನ ಸುತ್ತ ನೆರೆದಿರುವ ಮಹಾಸಭೆಯೇ! ಗಂಭೀರವದನರಾದ ಅಳಿಯಂದಿರೇ! ಸಕ್ಕರೆ ಹಾಕದ ಕಾಫಿಯನ್ನು ಮುಖ ಸಿಂಡರಿಸದೆ ಕುಡಿಯುವ ಧೀರೆ ಬೀಗಿತ್ತಿಯವರೇ! ಅಡುಗೆಮನೆಯ ಬಾಗಿಲಿಗೆ ಒರಗಿ, ಈ ಕಾಗದವನ್ನು ಮನಸ್ಸಿನಲ್ಲೇ ಓದಿ ಮಡಿಸಿಟ್ಟುಬಿಡೋಣ ಎಂದು ಹೊಂಚುತ್ತಿರುವ ನನ್ನ ಒಬ್ಬಳೇ ಮಗಳೇ! ಎಲ್ಲರಿಗೂ ನನ್ನ ನಮಸ್ಕಾರ ಮತ್ತು ಆಶೀರ್ವಾದ. ವಯಸ್ಸಿಗೆ ತಕ್ಕಂತೆ ಹಂಚಿಕೊಳ್ಳಿ.

ಮಡಿಸಬೇಡ ಮಗಳೇ. ನಿಂತುಕೊಂಡು ಗಟ್ಟಿಯಾಗಿ ಓದು. ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳಿಸಬೇಕು. ನಿನ್ನ ಮನೆಯ ಕೊನೆಯ ಸಾಲು ಯಾವುದೆಂದು ನನಗೆ ಗೊತ್ತು: ಕಿಟಕಿಯ ಪಕ್ಕದ ಬೆತ್ತದ ಕುರ್ಚಿ. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗಿನಿಂದ ನಿಮ್ಮಮ್ಮ ಅದರಲ್ಲೇ ಕೂತು ಬೀದಿ ನೋಡುತ್ತಿದ್ದಾಳೆ.

ಕಾಗದದಲ್ಲೂ ಅಪ್ಪ ಕೂಗುತ್ತಾರೆ ಎಂದು ಗೊಣಗಬೇಡ. ನಾಟಕದ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದವರ ಮಗ ನಾನು. ಪರದೆಯ ಹಿಂದೆ ಕಟ್ಟಿದ ತೊಟ್ಟಿಲಲ್ಲಿ ಮಲಗಿ, ಯುದ್ಧಭೂಮಿಯ ಆರ್ಭಟವನ್ನೇ ಜೋಗುಳವೆಂದು ತಿಳಿದು ನಿದ್ದೆ ಹೋದವನು. ಮುಂದೆ ಹೊಟ್ಟೆಪಾಡಿಗೆ ಡ್ರೈವಿಂಗ್ ಸ್ಕೂಲು ತೆರೆದೆ, ಆದರೆ ಗಂಟಲು ಬದಲಾಗಲಿಲ್ಲ. ನಾನು 'ಕ್ಲಚ್ಚು ಬಿಡೂ!' ಎಂದು ಗುಡುಗಿದರೆ ಪಕ್ಕದ ಬೀದಿಯಲ್ಲಿ ಹೋಗುತ್ತಿದ್ದವರೂ ಕ್ಲಚ್ಚು ಬಿಡುತ್ತಿದ್ದರಂತೆ.

ವಿಷಯಕ್ಕೆ ಬರುತ್ತೇನೆ. ನಾಳೆ ಬೆಳಗ್ಗೆ ಹಲ್ಲಿನ ಡಾಕ್ಟರು ಬರುತ್ತಾರೆ, ನನ್ನ ಕೆಂಪು ಕಾರನ್ನು ಒಯ್ಯುತ್ತಾರೆ, ನಾನು ಪೆನ್ನು ಹಿಡಿದು ಸಹಿ ಹಾಕಿ ಗೇಟಿನವರೆಗೂ ಹೋಗಿ ಕೈ ಬೀಸುತ್ತೇನೆ. ಇದು ನೀವು ಬರೆದ ನಾಟಕ. ಅಳಿಯಂದಿರು ಆಗಲೇ ಡಾಕ್ಟರಿಗೆ ಮಾತು ಕೊಟ್ಟಾಗಿದೆ. ಒಳ್ಳೆಯದು. ಮಾತು ಅವರದು, ಕೊಟ್ಟಿದ್ದಾರೆ. ಗಾಡಿ ನನ್ನದು, ಕೊಡುವುದಿಲ್ಲ.

ಪರದೆ ಏಳುವ ಮುಂಚೆಯೇ ಕಥೆಯ ಕೊನೆ ಹೇಳಿದಂತಾಯಿತು. ಇರಲಿ. ಎದ್ದು ಹೋಗಬೇಡಿ, ಕಾರಣ ಇನ್ನು ಮುಂದೆ ಇದೆ.

ನಿಮ್ಮ ವಾದ ನನಗೆ ಬಾಯಿಪಾಠ. ತಿಂಗಳಿಗೊಂದು ಭಾನುವಾರ ಹೊರಗೆ ಹೋಗುತ್ತಿದ್ದ ಗಾಡಿ, ಈಗ ಅದೂ ಇಲ್ಲದೆ ಮುಸುಕು ಹೊದ್ದು ಮಲಗಿದೆ. ಸೀಟು ನೆಲಕ್ಕೆ ಅಂಟಿಕೊಂಡಿದೆ. ಕೂತವರನ್ನು ಎಬ್ಬಿಸಲು ಇನ್ನಿಬ್ಬರು ಬೇಕು. ಸಾಮಾನು ಹಿಡಿಸುವುದಿಲ್ಲ, ಮೊಮ್ಮಕ್ಕಳು ಹಿಡಿಸುವುದಿಲ್ಲ. 'ಈ ವಯಸ್ಸಲ್ಲಿ ಅಪ್ಪಂಗೆ ಈ ಶೋಕಿ ಬೇಕಾ?' ಎಂದು ನೀನು. 'ನಮ್ಮ ದೊಡ್ಡ ಕಾರಿದೆಯಲ್ಲ ಮಾವ, ಎಲ್ಲಿಗೆ ಬೇಕಾದ್ರೂ ಹೇಳಿ, ಕರ್ಕೊಂಡು ಹೋಗ್ತೀನಿ. ಅತ್ತೆ ಹಿಂದಿನ ಸೀಟಲ್ಲಿ ಕಾಲು ಚಾಚ್ಕೊಂಡು ಆರಾಮಾಗಿ ಕೂತ್ಕೋಬಹುದು' ಎಂದು ಅಳಿಯಂದಿರು. ಮಾತಿನಲ್ಲಿ ಕಪಟವಿಲ್ಲ, ಒಪ್ಪಿದೆ. ಆದರೆ ಹಿಂದಿನ ಸೀಟು ಎಂಬ ಆ ಎರಡು ಪದ ಇದೆಯಲ್ಲ, ಅದನ್ನು ಸೆರಗಿಗೋ ಪಂಚೆಗೋ ಗಂಟು ಹಾಕಿಟ್ಟುಕೊಳ್ಳಿ. ಮತ್ತೆ ಬಿಚ್ಚಿಸುತ್ತೇನೆ.

ಗುರುವಾರ ಹಲ್ಲಿನ ಡಾಕ್ಟರು ಗಾಡಿ ನೋಡಲು ಬಂದಿದ್ದರು. ಜೊತೆಗೆ ಅಳಿಯಂದಿರು. ಡಾಕ್ಟರು ಹೆಚ್ಚುಕಡಿಮೆ ನನ್ನ ಎತ್ತರದ ಆಳು. ಸ್ಟೇರಿಂಗಿನ ಹಿಂದೆ ಇಳಿದರು, ಮೊಣಕಾಲು ಗದ್ದಕ್ಕೆ ಬಡಿಯಿತು.

'ಸೀಟು ಇಷ್ಟು ಮುಂದೆ ಇದೆಯಲ್ಲ ಸಾರ್. ನೀವು ಹೇಗೆ ಕೂರ್ತೀರಿ?'

'ಯೋಗ ಮಾಡ್ತೀನಿ' ಎಂದೆ.

ಡಾಕ್ಟರು ಬೆನ್ನ ಹಿಂದೆ ಕೈ ಹಾಕಿ ನೀಲಿ ದಿಂಬೊಂದನ್ನು ಎಳೆದರು. ಅಳಿಯಂದಿರು ಅದನ್ನು ಈಸಿಕೊಂಡು ತಿರುಗಿಸಿ ನೋಡಿ, 'ಇದು ಅತ್ತೆ ಹೊಲಿದಿದ್ದು ಅಲ್ವಾ?' ಎಂದರು. 'ಯಾಕೆ, ಕಟ್ಟಿಕೊಂಡವಳು ಹೊಲಿದ ದಿಂಬಿಗೆ ಗಂಡ ಒರಗಬಾರದು ಅಂತ ಕಾನೂನಿದೆಯಾ?' ಎಂದು ಅಬ್ಬರಿಸಿದೆ. ಪಾಪ, ದಿಂಬನ್ನು ಎಲ್ಲಿತ್ತೋ ಅಲ್ಲೇ ಇಟ್ಟರು. ಆಮೇಲೆ ಡಾಕ್ಟರಿಗೆ ಪಕ್ಕದ ಸೀಟಿನ ಕೆಳಗಿನ ಮ್ಯಾಟು ಕಂಡಿತು. ಡ್ರೈವರ್ ಕಡೆಯ ಮ್ಯಾಟು ಹೊಸದರಂತಿದೆ, ಇದು ಮಾತ್ರ ಅಂಗೈ ಅಗಲ ಸವೆದು ತೂತು.

'ಇದೇನ್ ಸಾರ್?'

'ಇಲಿ' ಎಂದೆ.

ಇಷ್ಟು ಸಾಕ್ಷಿ ಕಣ್ಣೆದುರು ಬಿದ್ದಿದ್ದರೂ, ದಿನವಿಡೀ ಕಂಪನಿಗಳ ಕಳ್ಳಲೆಕ್ಕ ಹಿಡಿಯುವ ನಮ್ಮ ಅಳಿಯಂದಿರು 'ಗೋಡೌನ್ ಹತ್ತಿರ ಇದ್ರೆ ಇಲಿ ಕಾಟ ಇದ್ದೇ ಇರುತ್ತೆ' ಎಂದು ತಲೆದೂಗಿದರು. ಇಂಥ ಅಳಿಯ ಸಿಕ್ಕಿದ್ದು ನನ್ನ ಪುಣ್ಯ.

ಗುರುವಾರದ ಮಟ್ಟಿಗೆ ನಾನೂ ಮೆತ್ತಗಾಗಿದ್ದೆ, ಸುಳ್ಳು ಹೇಳುವುದಿಲ್ಲ. ಮಾರಿಬಿಡೋಣ, ಯಾಕೆ ಬೇಕು ಈ ರಗಳೆ, ಎಂದು ಶೆಡ್ಡಿನ ಬೀಗ ಹಾಕಿಕೊಂಡು ಬಂದಿದ್ದೆ. ನಿನ್ನೆ ನಿನ್ನ ಫೋನು ಬಂತು ನೋಡು, ಅಲ್ಲಿಗೆ ಕಥೆ ಮಗುಚಿತು.

ಮೂಳೆ ಡಾಕ್ಟರ ಹತ್ತಿರ ಹೋಗಿ ಬಂದಿರಿ. ಅಮ್ಮನ ಕೈ ಪೂರ್ತಿ ವಾಸಿಯಾಗಿದೆ ಎಂದು ನೀನು ಹೇಳಿದೆ. ಆಮೇಲೆ ನಗು ತಡೆಯಲಾರದೆ ಹೇಳಿದೆ: 'ಕೇಳಪ್ಪ ಇಲ್ಲಿ, ಡಾಕ್ಟ್ರು ಇನ್ನು ಏನ್ ಕೆಲಸ ಬೇಕಾದ್ರೂ ಮಾಡಬಹುದು ಅಂದ್ರಾ, ಅಮ್ಮ ಕೇಳ್ತಾಳೆ, ಗೇರು ಹಾಕಬಹುದಾ ಅಂತ! ಡಾಕ್ಟ್ರು, ನರ್ಸು, ನಾನು, ಎಲ್ಲಾ ಬಿದ್ದು ಬಿದ್ದು ನಕ್ಕಿದ್ದು!'

ಅಮ್ಮ ಏನಂದಳು ಎಂದು ನಾನು ಕೇಳಿದೆ.

'ಅವಳೂ ನಕ್ಕಳಪ್ಪ' ಎಂದೆ ನೀನು.

ನೀನು ಫೋನು ಅವಳ ಕೈಗೆ ಕೊಟ್ಟೆ. ನಾನು ಕಾರಿನ ಮಾತು ತೆಗೆದೆ. 'ಮಾರಿದ್ರೆ ಮಾರಲಿ ಬಿಡಿ' ಎಂದಳು. ಮಗಳೇ, ಆ ದನಿ ನಿನಗೂ ಗೊತ್ತು. ಎಲ್ಲರಿಗೂ ಬಡಿಸಿ ಪಾತ್ರೆಯ ತಳ ಕಂಡಾಗ 'ನಂಗೆ ಹಸಿವಿಲ್ಲ' ಎನ್ನುತ್ತಾಳಲ್ಲ, ಅದೇ ದನಿ. ನಾನು ಫೋನು ಇಟ್ಟು ನೇರ ಶೆಡ್ಡಿಗೆ ಹೋಗಿ ಕಾರಿನ ಮುಸುಕು ಕಿತ್ತೆಸೆದೆ.

ಈಗ ಆ ಗಂಟು ಬಿಚ್ಚಿ. ಹಿಂದಿನ ಸೀಟು!

ನಮ್ಮ ಸಂಸಾರ ಊರು ಸುತ್ತಿದ್ದು ಹೇಗೆ, ನೆನಪಿದೆಯಾ? ಸ್ಕೂಲಿನ ಕಾರೇ ಮನೆಯ ಕಾರು. ಮದುವೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಪಾಠ ತಪ್ಪಬಾರದು ಎಂದು ಒಬ್ಬ ವಿದ್ಯಾರ್ಥಿಯನ್ನು ಸ್ಟೇರಿಂಗಿಗೆ ಕೂರಿಸುತ್ತಿದ್ದೆ. ಅವನ ಪಕ್ಕದಲ್ಲಿ ನಾನು, ನನ್ನ ಕಾಲಡಿಯಲ್ಲಿ ಕಲಿಸುವವರಿಗೆಂದೇ ಇರುವ ಎರಡನೇ ಬ್ರೇಕು, ಮೇಷ್ಟ್ರ ಬ್ರೇಕು. ಹಿಂದೆ ನೀವಿಬ್ಬರು. ನಿನ್ನ ಮದುವೆಯ ದಿನ ಗಾಡಿ ಓಡಿಸಿದವನು ಇನ್ನೂ ರಿವರ್ಸ್ ಕಲಿತಿರಲಿಲ್ಲ. ಮಂಟಪ ದಾಟಿ ಮುಂದೆ ಹೋಗಿಬಿಟ್ಟ. ಹಿಂದೆ ಬರಲು ಗೊತ್ತಿಲ್ಲದೆ ಮದುಮಗಳನ್ನು ಊರೆಲ್ಲ ಒಂದು ಸುತ್ತು ಹಾಕಿಸಿ ತಂದೆವು. ಬೀಗರು ಮೆರವಣಿಗೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ನೀನು ನಗುತ್ತಿದ್ದೆ. ನಿಮ್ಮಮ್ಮ ಮುಂದಿನ ಎರಡು ಸೀಟಿನ ನಡುವೆ ತಲೆ ತೂರಿಸಿ ಆ ಹುಡುಗನ ಕಾಲನ್ನೇ ನೋಡುತ್ತಿದ್ದಳು. ಅವಳಿಗೆ ಭಯವಾಗಿದೆ ಎಂದುಕೊಂಡೆ. ಅವಳು ಪಾಠ ಕಲಿಯುತ್ತಿದ್ದಳು!

ಸ್ಕೂಲು ಮುಚ್ಚಿದ ವರ್ಷ ಹಳೆಯ ಶಿಷ್ಯನೊಬ್ಬ ಪರದೇಶಕ್ಕೆ ಹೊರಟ. ಅವನ ಕೆಂಪು ಕಾರನ್ನು ನಾನು ಕೊಂಡೆ. ಅವನೇ ತಂದು ಶೆಡ್ಡಿನಲ್ಲಿ ನಿಲ್ಲಿಸಿದ. ನಿಮ್ಮಮ್ಮ ಸುತ್ತ ಬಂದು ನೋಡಿ, 'ಇದಕ್ಕೆ ಹಿಂದಿನ ಸೀಟೇ ಇಲ್ವಾ?' ಎಂದಳು. ಇಲ್ಲ ಎಂದೆ. 'ಒಳ್ಳೇದಾಯ್ತು' ಎಂದಳು. ಅಷ್ಟೇ. ನಾಟಕದ ಮನೆಯಲ್ಲಿ ಹುಟ್ಟಿದ ನನಗೆ ಆ ಒಂದು ಮಾತಿನ ತೂಕ ಆಗ ತಿಳಿಯಲಿಲ್ಲ.

ಹಾಂ, ಪರದೆ ಸರಿಯಲಿ! ಮಹಾಜನರೇ, ಆ ಕಾರನ್ನು ನಾನು ಓಡಿಸಿಯೇ ಇಲ್ಲ. ಒಂದು ದಿನವೂ ಇಲ್ಲ, ಒಂದು ಮಾರು ದೂರವೂ ಇಲ್ಲ. ಕಾರು ಬಂದ ವಾರವೇ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಅಕ್ಕಪಕ್ಕದ ನೋಟ ಹೋಗಿದೆ, ಇನ್ನು ಸ್ಟೇರಿಂಗು ಮುಟ್ಟಬೇಡಿ ಎಂದರು. ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮೇಷ್ಟ್ರಿಗೆ ಲೈಸೆನ್ಸಿಲ್ಲ! ಯಾರಿಗೆ ಹೇಳಲಿ? ಹೇಳಲಿಲ್ಲ. ಕಾರು ನಿಂತಿತು.

ಒಂದು ಭಾನುವಾರ ಬೆಳಗ್ಗೆ ನಿಮ್ಮಮ್ಮ ಮೊಳೆಯಿಂದ ಕೀಲಿ ತೆಗೆದುಕೊಂಡು, ನೀಲಿ ದಿಂಬು ಕಂಕುಳಲ್ಲಿ ಇಟ್ಟುಕೊಂಡು ಶೆಡ್ಡಿಗೆ ನಡೆದಳು. ಧೂಳು ಹೊಡೆಯಲು ಎಂದುಕೊಂಡೆ. ಸ್ಟೇರಿಂಗಿನ ಹಿಂದೆ ಕೂತು ಪಕ್ಕದ ಬಾಗಿಲು ತೆರೆದು, 'ಕೂತ್ಕೊಳ್ಳಿ' ಎಂದಳು. ನಾನು ಬಾಯಿ ತೆರೆದೆ. 'ಬಾಯಿ ಮುಚ್ಚಿ ಕೂತ್ಕೊಳ್ಳಿ' ಎಂದಳು. ಆ ಶೆಡ್ಡಿನ ಇಕ್ಕಟ್ಟು ನಿಮಗೆ ಗೊತ್ತು. ಎರಡೂ ಕಡೆ ಒಂದೊಂದು ಗೇಣು. ರಿವರ್ಸಿನಲ್ಲಿ, ಒಂದೇ ಸಲಕ್ಕೆ, ಗೋಡೆಯ ಬಣ್ಣ ಕೂಡ ಸೋಕದಂತೆ ಆಚೆ ತೆಗೆದಳು. ನನ್ನ ಅತ್ಯುತ್ತಮ ಶಿಷ್ಯರೂ ಅಲ್ಲಿ ಒಂದಲ್ಲ ಒಂದು ಕನ್ನಡಿ ಬಲಿ ಕೊಟ್ಟವರೇ.

ಎಲ್ಲಿ ಕಲಿತೆ ಎಂದೆ. ರಸ್ತೆಯ ಆಚೆ ಬೆರಳು ತೋರಿಸಿದಳು. ಎದುರು ಸ್ಕೂಲು! ನನ್ನ ಬೋರ್ಡಿಗಿಂತ ದೊಡ್ಡ ಬೋರ್ಡು ಹಾಕಿದವನು, ನನ್ನ ಶಿಷ್ಯರನ್ನು ಅರ್ಧ ದಾರಿಯಲ್ಲಿ ಎಳೆದುಕೊಂಡವನು, ನಾನು ಇಷ್ಟು ವರ್ಷ ಮುಖ ಕೊಟ್ಟು ಮಾತಾಡಿಸದ ಆ ಖಳನಾಯಕ! ಹೊಲಿಗೆ ಕ್ಲಾಸಿಗೆ ಹೋಗುತ್ತೇನೆಂದು ಹೊರಟು ಅವನ ಹತ್ತಿರ ಕಲಿತಿದ್ದಾಳೆ. ಗಂಡನ ಹತ್ತಿರ ಯಾಕೆ ಕಲಿಯಲಿಲ್ಲ ಎಂದು ಕೂಗಿದೆ. 'ನೋಡಿ, ಇದಕ್ಕೇ' ಎಂದಳು.

ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡಳು. 'ನಗ್ತಾರೆ ರೀ' ಎಂದಳು. ಛೆ, ಯಾರು ನಗುತ್ತಾರೆ ಎಂದೆ. ನಿನ್ನೆ ಗೊತ್ತಾಯಿತಲ್ಲ ಯಾರು ಎಂದು! ಆದ್ದರಿಂದ ಈ ಆಣೆ ಇಂದು ಮುರಿದಿದ್ದೇನೆ. ಪಾಪ ಬಂದರೆ ನನ್ನ ತಲೆಯ ಮೇಲೆ ಬರಲಿ, ಅಲ್ಲಿ ಕೂದಲಿಲ್ಲ, ಜಾಗ ಬೇಕಾದಷ್ಟಿದೆ.

ತಿಂಗಳಿಗೊಂದು ಸಲ ಅಷ್ಟೇ ಎನ್ನುತ್ತೀರಿ. ಹೌದು, ಒಂದೇ ಸಲ. ಗೋಡೌನುಗಳ ಹಿಂದಿನ ಆ ನೇರ ರಸ್ತೆ, ಭಾನುವಾರ ಲಾರಿಗಳಿಲ್ಲದ ಹೊತ್ತು. ಮೂರನೇ ಗೇರಿನಿಂದ ನಾಲ್ಕಕ್ಕೆ ಹೋಗುವಾಗ ಅವಳ ಕೆಳತುಟಿ ಹಲ್ಲಿನ ಕೆಳಗೆ ಸೇರುತ್ತದೆ. ಕೊನೆಯ ತಿರುವಿನಲ್ಲಿ ಇಂಜಿನ್ನು ಆರಿಸಿ, ಫ್ಲಾಸ್ಕಿನ ಕಾಫಿ ಎರಡು ಲೋಟಕ್ಕೆ ಬಗ್ಗಿಸಿ, ಮೊದಲ ಲೋಟ ತಾನು ತೆಗೆದುಕೊಳ್ಳುತ್ತಾಳೆ. ನಿಮ್ಮಮ್ಮ ಮೊದಲ ಲೋಟ ತಾನು ತೆಗೆದುಕೊಂಡದ್ದನ್ನು ನೀನು ಹುಟ್ಟಿದಂದಿನಿಂದ ನೋಡಿದ್ದೀಯಾ ಮಗಳೇ? ನೋಡಿಲ್ಲ. ಆ ಗಾಡಿ ಮಾರಿದರೆ ಮುಂದೆಯೂ ನೋಡುವುದಿಲ್ಲ.

ಅಪಾಯ ಎನ್ನುತ್ತೀರಿ. ಕೇಳಿ: ಈ ಊರಿನಲ್ಲಿ ಸ್ಟೇರಿಂಗು ಹಿಡಿದ ಅರ್ಧ ಜನರ ಪಕ್ಕದಲ್ಲಿ ನಾನು ಕೂತಿದ್ದೇನೆ. ಅಳಿಯಂದಿರ ಪಕ್ಕದಲ್ಲೂ ಕೂತಿದ್ದೇನೆ. ತಿರುವಿನಲ್ಲಿ ಫೋನು ನೋಡುವವರು ಯಾರು, ಇಂಡಿಕೇಟರ್ ಎಂಬುದು ದೀಪಾಲಂಕಾರಕ್ಕೆ ಇರುವುದು ಎಂದು ತಿಳಿದವರು ಯಾರು ಎಂದು ಸಭೆಯಲ್ಲಿ ಹೇಳುವುದಿಲ್ಲ, ಬೀಗಿತ್ತಿಯವರಿಗೆ ಬೇಜಾರಾದೀತು. ಅವಳ ಪಕ್ಕದಲ್ಲಿ ಕೂತು ನಾನು ಸಾಯುವುದಿಲ್ಲ. ಕೈ ವಾಸಿಯಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಗೇರು ಹಾಕಬಹುದಾ ಎಂದು ಅವಳು ಕೇಳಿದ್ದಕ್ಕೆ ನಿಮ್ಮ ನಗುವಿನಲ್ಲಿ ಉತ್ತರ ಬಂದಿರಲಿಕ್ಕಿಲ್ಲ. ಆದ್ದರಿಂದ ಇಂದು ಬೆಳಗ್ಗೆ ನಾನೇ ಫೋನು ಮಾಡಿ ಮೂಳೆ ಡಾಕ್ಟರನ್ನು ಕೇಳಿದೆ. 'ಅವರು ನಿಜವಾಗ್ಲೂ ಕೇಳಿದ್ದಾ?' ಎಂದರು. ಹೌದು ಎಂದೆ. 'ಹಾಕಬಹುದು, ಧಾರಾಳವಾಗಿ' ಎಂದರು.

ಹಾಗಾಗಿ ಇದು ನನ್ನ ತೀರ್ಪು. ಹಲ್ಲಿನ ಡಾಕ್ಟರಿಗೆ ಅಳಿಯಂದಿರೇ ಫೋನು ಮಾಡಿ ಬರಬೇಡಿ ಎನ್ನಲಿ. ಬಂದರೂ ಬಾಗಿಲು ತೆರೆದ ಖಾಲಿ ಶೆಡ್ಡು ಸಿಗುತ್ತದೆ. ಬೇಕಾದರೆ ಇಲಿ ಹುಡುಕಲಿ. ನಾಳೆ ಬೆಳಗ್ಗೆ ಕೆಂಪು ಕಾರು ನಿನ್ನ ಮನೆಯ ಗೇಟಿನ ಮುಂದೆ ಬಂದು ನಿಲ್ಲುತ್ತದೆ. ಓಡಿಸಿಕೊಂಡು ಬರುವವನು ಎದುರು ಸ್ಕೂಲಿನವನು, ಪಕ್ಕದ ಸೀಟಿನಲ್ಲಿ ನಾನು. ಹೌದು, ಆ ಖಳನಾಯಕನೇ. ಇಂದು ಬೆಳಗ್ಗೆ ರಸ್ತೆ ದಾಟಿ ಹೋಗಿ ಕೇಳಿದೆ. 'ಅಮ್ಮಾವ್ರ ಗಾಡಿ ಅಂದ್ರೆ ಬರ್ತೀನಿ ಮೇಷ್ಟ್ರೇ, ನಿಮ್ಮದಾಗಿದ್ರೆ ಬರ್ತಿರ್ಲಿಲ್ಲ' ಎಂದ. ಈ ಕಾಗದವನ್ನೂ ಅವನೇ ಸಂಜೆಯ ಪಾಠದ ಗಾಡಿಯಲ್ಲಿ ತಲುಪಿಸುತ್ತಾನೆ. ಅವನಿಗೆ ಕಾಫಿ ಕೊಡು. ಒಳ್ಳೆಯ ಕಾಫಿ ಕೊಡು.

ನಿಮ್ಮ ಗೇಟಿನಲ್ಲಿ ಅವನು ಇಳಿಯುತ್ತಾನೆ, ನಿಮ್ಮಮ್ಮ ಹತ್ತುತ್ತಾಳೆ. ಅವಳ ಬಟ್ಟೆಯ ಪೆಟ್ಟಿಗೆ ಈ ಕಾರಿನಲ್ಲಿ ಹಿಡಿಸುವುದಿಲ್ಲ. ಅದನ್ನು ನಿಮ್ಮ ದೊಡ್ಡ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಆಮೇಲೆ ತಂದುಕೊಡಿ. ಕಾಲು ಚಾಚಿಕೊಂಡು ಆರಾಮಾಗಿ ಬರಲಿ.

ಇಷ್ಟು ಓದಿದ ಮೇಲೆ, ಮಗಳೇ, ಕಿಟಕಿಯ ಪಕ್ಕದ ಕುರ್ಚಿಯ ಕಡೆ ಒಮ್ಮೆ ತಿರುಗಿ ನೋಡು. ಈ ಸಲ ನಗುವವರು ಯಾರೂ ಇರಬಾರದು, ಅವಳೊಬ್ಬಳನ್ನು ಬಿಟ್ಟು.

ಇಂತು, ಸಹಿ ಹಾಕಲು ಒಪ್ಪದ ಕೈಯಿಂದಲೇ ಸಹಿ ಹಾಕಿ,

ನಿನ್ನ ಅಪ್ಪ,
ಮಾಜಿ ಡ್ರೈವಿಂಗ್ ಮೇಷ್ಟ್ರು

ಮರೆತ ಮಾತು: ಮ್ಯಾಟು ತಿಂದದ್ದು ಇಲಿಯಲ್ಲ. ಆ ಕಾರಿನಲ್ಲಿ ಮೇಷ್ಟ್ರ ಬ್ರೇಕು ಇಲ್ಲ. ನನ್ನ ತಲೆಗೆ ಅದು ಗೊತ್ತು, ಕಾಲಿಗೆ ಗೊತ್ತಿಲ್ಲ. ಅವಳು ಎಷ್ಟು ಚೆನ್ನಾಗಿ ಓಡಿಸಿದರೂ, ಎದುರಿಗೆ ಒಂದು ಕಾಗೆ ಹಾರಿದರೂ, ನನ್ನ ಕಾಲು ನೆಲ ಒತ್ತುತ್ತದೆ. ಅದಕ್ಕೇ ನನ್ನನ್ನು ಒಮ್ಮೆ ಗೋಡೌನ್ ರಸ್ತೆಯಲ್ಲಿ ಇಳಿಸಿ ಬಸ್ಸಿನಲ್ಲಿ ಕಳಿಸಿದ್ದಾಳೆ. ಅಂದು ಗಾಡಿ ಕೆಟ್ಟಿತ್ತು ಎಂದು ನಿನಗೆ ಹೇಳಿದ್ದೆ. ಅವಳಿಗೆ ಇದನ್ನೂ ಗಟ್ಟಿಯಾಗಿ ಓದಿ ಹೇಳು: ನಾಳೆ ಬೆಳಗ್ಗೆ ನಿಮ್ಮ ಗೇಟಿನ ಮುಂದೆ, ನೀವೆಲ್ಲ ನೋಡುತ್ತಿರುವಂತೆ, ನಾನು ಎರಡೂ ಬೂಟು ಬಿಚ್ಚಿ ಡಿಕ್ಕಿಗೆ ಹಾಕುತ್ತೇನೆ, ಬೆಲ್ಟು ಬಿಗಿದು, ಸೀಟಿನ ಮೇಲೆ ಕಾಲು ಮಡಚಿ ಕೂರುತ್ತೇನೆ, ಮನೆ ಬರುವವರೆಗೂ ಕೆಳಗಿಡುವುದಿಲ್ಲ. ಬಾಯಿಯ ವಿಷಯದಲ್ಲಿ ಮಾತ್ರ ಮಾತು ಕೊಡಲಾರೆ.