ಸಾಲಿನಲ್ಲಿಟ್ಟ ಚಪ್ಪಲಿ

ಕಂಟೋನ್ಮೆಂಟ್, ಬಳ್ಳಾರಿ
೧೦-೨-೨೦೨೫

ಪ್ರೀತಿಯ ರಾಧಾ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಕಾಗದ ತಡವಾಯಿತು. ಹನ್ನೆರಡು ವರ್ಷದ ತಡಕ್ಕೆ ಯಾವ ನೆಪ ಹೇಳಿದರೂ ನೀನು ನಂಬುವವಳಲ್ಲ, ಅದಕ್ಕೆ ಹೇಳುವುದೇ ಇಲ್ಲ. ಯುಗಾದಿಗೆ ನಾನು ಫೋನಿನಲ್ಲಿ ಬೇವುಬೆಲ್ಲದ ಚಿತ್ರ ಕಳಿಸುವುದು, ನೀನು ಕೈ ಮುಗಿದ ಚಿತ್ರ ಕಳಿಸುವುದು, ಇಷ್ಟರಲ್ಲೇ ನಮ್ಮ ಗೆಳೆತನ ಜೀವ ಹಿಡಿದುಕೊಂಡಿತ್ತು. ಇಲ್ಲಿಂದ ಕುರುಗೋಡಿಗೆ ಬಸ್ಸಿನಲ್ಲಿ ಒಂದು ತಾಸು. ಈ ಭಾನುವಾರ ಆ ಬಸ್ಸು ಹತ್ತುತ್ತಿದ್ದೇನೆ. ನನ್ನನ್ನು ಒಳಗೆ ಕರೆಯುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಮೊದಲು ಇದನ್ನು ಪೂರ್ತಿ ಓದು.

ಸುದ್ದಿ ಏನೆಂದರೆ, ನಲವತ್ತೆರಡನೇ ವಯಸ್ಸಿಗೆ ನನಗೆ ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಕ್ಕಿದೆ. ನಗಬೇಡ. ಕೆಲಸ ಬಿಡದೆ ತಿಂಗಳಿಗೆ ನಾಲ್ಕು ದಿನ ಹೈದರಾಬಾದಿಗೆ ಹೋಗಿ ಕಲಿಯುವಂಥದ್ದು. ಜೀನ್ಸ್ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ನಮ್ಮ ಕಂಪನಿಯಲ್ಲಿ ಎಲ್ಲರಿಗಿಂತ ಹಳಬಳು ನಾನೇ. ಕಂಪ್ಯೂಟರ್ ಕೆಟ್ಟರೆ ನನ್ನನ್ನು ಕರೆಯುತ್ತಾರೆ, ಕಂಪನಿ ಹೇಗೆ ನಡೆಸಬೇಕು ಅನ್ನುವ ಮೀಟಿಂಗಿಗೆ ಮಾತ್ರ ಕರೆಯುವುದಿಲ್ಲ. ಆ ಸಿಟ್ಟಿಗೆ ಅರ್ಜಿ ಹಾಕಿದೆ.

ಪರೀಕ್ಷೆ ಹೇಗೋ ದಾಟಿದೆ. ತಲೆ ತಿಂದದ್ದು ಅರ್ಜಿಯ ಪ್ರಬಂಧ. ಹದಿನೆಂಟು ವರ್ಷದಲ್ಲಿ ಕಲಿತ ಕಂಪ್ಯೂಟರ್ ಭಾಷೆಗಳನ್ನೆಲ್ಲ ಒಂದೂ ಬಿಡದೆ ಬರೆದಿದ್ದೆ. ನಮ್ಮ ಯಜಮಾನರು ಸಂಗಮೇಶ್ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮುಗಿಸಿ ಬಂದು, ಊಟದ ಮುಂದೆ ಕೂತು ಓದಿದರು. "ಇದು ಅರ್ಜಿ ಐತೇನು, ಕಿರಾಣಿ ಚೀಟಿ ಐತೇನು?" ಅಂದರು. ನಾನು ಸಾರು ಬಡಿಸದೆ ಎದ್ದು ಹೋದೆ. ಆದರೆ ಆ ಶಾಲೆಯಲ್ಲಿ ಓದಿದ ಒಬ್ಬಾಕೆಗೆ ಫೋನು ಮಾಡಿದರೆ ಅವಳೂ ಅದನ್ನೇ ಮೆತ್ತಗೆ ಹೇಳಿದಳು. ಇಂಜಿನಿಯರುಗಳ ಅರ್ಜಿ ಎಲ್ಲ ಒಂದೇ ಥರ ಕಾಣುತ್ತವಂತೆ, ನಮ್ಮ ಕೆಲಸದಿಂದ ಯಾರ ದಿನ ಹಗುರಾಯಿತು ಅನ್ನುವುದನ್ನು ಬರೆಯಬೇಕಂತೆ.

ಹಾಗಾಗಿ ಸಿರುಗುಪ್ಪದ ಟೋಕನ್ ಕೆಲಸ ಬರೆದೆ. ನೆನಪಿದೆಯಲ್ಲ, ಹಾಲಸಿದ್ದಪ್ಪನವರ ಅಕ್ಕಿ ಗಿರಣಿ, ಸುಗ್ಗಿಯಲ್ಲಿ ತೂಕಕ್ಕೆ ಕಾದು ನಿಂತ ಭತ್ತದ ಟ್ರ್ಯಾಕ್ಟರುಗಳು. ಡ್ರೈವರುಗಳು ಕಚೇರಿ ಕಿಟಕಿಯ ಮುಂದೆ ತಮ್ಮ ತಮ್ಮ ಚಪ್ಪಲಿಯನ್ನು ಸಾಲಾಗಿ ಬಿಟ್ಟು ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಇನ್ನೊಬ್ಬರ ಚಪ್ಪಲಿ ದಾಟಿ ಯಾರೂ ಮುಂದೆ ಹೋಗುತ್ತಿರಲಿಲ್ಲ. ಆದರೆ ತಮ್ಮ ಚಪ್ಪಲಿ ಮುಂದೆ ಸರಿಸುವುದಕ್ಕಾಗಿ ಎರಡೆರಡು ದಿನ ಅಲ್ಲೇ ಬಿದ್ದಿರಬೇಕಿತ್ತು. ನೀನು ಮಿರ್ಚಿ ಬಜ್ಜಿ ತಿನ್ನುತ್ತಾ ಅದನ್ನು ನೋಡಿ, "ಚಪ್ಪಲಿ ಪಾಳೇಕ ನಿಂತಾವಲ್ಲ, ಮನಷಾನ್ನ ಮನಿಗೆ ಕಳಿಸೂಣು. ಪಾಳಿ ಬಂದಾಗ ಫೋನಿನ್ಯಾಗ ಕರದ್ರ ಆತು" ಅಂದೆ. ಅದೇ ನಮ್ಮ ಟೋಕನ್. ಡ್ರೈವರು ಒಂದು ಮಿಸ್ಡ್ ಕಾಲ್ ಕೊಟ್ಟರೆ ಅವನ ನಂಬರು ಬರುತ್ತಿತ್ತು, ಸರದಿ ಹತ್ತಿರವಾದಾಗ ಮೆಸೇಜು ಹೋಗುತ್ತಿತ್ತು. ಸಾಫ್ಟ್‌ವೇರ್ ಬರೆದದ್ದು ನಾನು. ಅರ್ಜಿಯಲ್ಲಿ ಮಾತ್ರ "ಈ ಉಪಾಯ ನನಗೆ ಹೊಳೆಯಿತು" ಎಂದು ಬರೆದೆ. ಹನ್ನೆರಡು ವರ್ಷ ಎಲ್ಲ ಕಡೆ ಹಾಗೇ ಹೇಳಿಕೊಂಡು ಬಂದಿದ್ದೆ.

ಅರ್ಜಿಗೆ ಬಲ ಬರಲಿ ಅಂತ ಶಿಫಾರಸು ಪತ್ರ ಕೇಳಲು ಹಾಲಸಿದ್ದಪ್ಪನವರ ಹತ್ತಿರವೇ ಹೋದೆ. ನೋಡು, ಆ ಮನುಷ್ಯ ಜೀವಮಾನದಲ್ಲಿ ಬರೆದ ಶಿಫಾರಸುಗಳೆಲ್ಲ ಮದುವೆ ಸಂಬಂಧದವು. ಸಿರುಗುಪ್ಪದಲ್ಲಿ ಅವರ ಮಾತಿನ ಮೇಲೆ ಕೂಡಿದ ಜೋಡಿಗಳು ಅರವತ್ತಕ್ಕೆ ಕಡಿಮೆ ಇಲ್ಲ. ಸೊಸೆ ರಶ್ಮಿಯನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಕಣ್ಣು ಮುಚ್ಚಿ ಹೇಳತೊಡಗಿದರು: "ಈ ಹುಡಿಗಿ ಮನೆತನ ನನಗ ಮೂರು ತಲಿಯಿಂದ ಗೊತ್ತು. ತಂದಿ ಸಾಲಿ ಮಾಸ್ತರು, ಮಾತಿಗೆ ತಪ್ಪಿದವರಲ್ಲ. ಹುಡಿಗಿಗೆ ಸಿಟ್ಟು ಜಾಸ್ತಿ, ಆದ್ರ ನಿಲ್ಲಂಗಿಲ್ಲ. ಅಡಿಗಿ ಸಾಧಾರಣ."

ರಶ್ಮಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಟೈಪು ಮಾಡುತ್ತಿದ್ದಳು. ನಾನೂ ನಗುತ್ತಿದ್ದೆ. ಅಷ್ಟರಲ್ಲಿ ಅವರು, "ಟೋಕನ್ನಿನ ಇಚಾರ ಈಕಿಂದಲ್ಲ, ಗೆಳತಿ ರಾಧಮ್ಮಂದು. ಅದನ್ನ ಕಟ್ಟಿ ನಡಿಸಿದಾಕಿ ಈಕಿ" ಅಂದರು. ನನ್ನ ನಗು ಅಲ್ಲಿಗೇ ನಿಂತಿತು. ರಶ್ಮಿ ನನ್ನ ಮುಖ ನೋಡಿ, "ಈ ಸಾಲು ತೆಗೀಲೇನ್ರಿ ಅಕ್ಕಾರ?" ಅಂದಳು. ತೆಗಿ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ನಿನ್ನಾಣೆ, ಇತ್ತು. ಹಾಲಸಿದ್ದಪ್ಪನವರು ಕಣ್ಣು ತೆರೆದು, "ಯಾಕ ತೆಗೀಬೇಕು? ಸಂಬಂಧ ಹೇಳೂವಾಗ ಅಕ್ಕತಂಗೇರು ಎಷ್ಟು ಮಂದಿ ಅಂತ ಹೇಳಬೇಕಲ್ಲವಾ. ಮುಚ್ಚಿಟ್ರ ಮುಂದ ಬಾಳುವಿ ಹ್ಯಾಂಗ?" ಅಂದರು. ಅವರಿಗೆ ನಮ್ಮ ನಡುವಿನ ಸಂಗತಿ ಒಂದೂ ಗೊತ್ತಿಲ್ಲ ರಾಧಾ. ನಾವಿಬ್ಬರೂ ಈಗಲೂ ಒಂದೇ ಸ್ಕೂಟಿಯಲ್ಲಿ ಓಡಾಡುತ್ತೇವೆ ಅಂದುಕೊಂಡಿದ್ದಾರೆ. ಸಾಲು ಉಳಿಯಿತು.

ಮನೆಗೆ ಬಂದು ಪ್ರಬಂಧವನ್ನು ಮೊದಲಿನಿಂದ ಬರೆದೆ, ನಿನ್ನ ಹೆಸರು ಹಾಕಿ, ಮಿರ್ಚಿಯ ಸಮೇತ. ಬರೆಯುವಾಗ ಒಬ್ಬಳೇ ನಕ್ಕೆ. ಇಷ್ಟು ವರ್ಷ ಆ ಕಥೆ ಹೇಳುವಾಗ ಎಲ್ಲೋ ಏನೋ ಸಪ್ಪೆಯಾಗಿತ್ತಲ್ಲ, ಅದು ನೀನು ಇಲ್ಲದ್ದಕ್ಕೆ ಅಂತ ಆಗ ತಿಳಿಯಿತು. ಸಂಗಮೇಶ್ ಓದಿ, "ಈಗ ಇದು ನಿನ್ನ ಕಥಿ ಆತು ನೋಡು" ಅಂದರು. ಅವತ್ತು ಸಾರು ಎರಡು ಸಲ ಬಡಿಸಿದೆ.

ಸಂದರ್ಶನದಲ್ಲಿ ಕನ್ನಡಕದ ಹೆಂಗಸೊಬ್ಬರು ನನ್ನ ಅನುಭವ, ಸಂಬಳ, ಪದವಿ ಏನನ್ನೂ ಕೇಳಲಿಲ್ಲ. ಈ ರಾಧಾ ಈಗ ಎಲ್ಲಿದ್ದಾರೆ ಅಂದರು. ಕುರುಗೋಡಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ ಅಂದೆ. ಅದನ್ನು ನನಗೆ ಹೇಳಿದ್ದು ರಶ್ಮಿ, ಅವಳು ಬಸ್ಸಿನಿಂದ ನಿನ್ನ ಬೋರ್ಡು ನೋಡಿದ್ದಳಂತೆ. ಕೊನೆಯ ಸಲ ಭೇಟಿಯಾದದ್ದು ಯಾವಾಗ ಅಂದರು. ಹನ್ನೆರಡು ವರ್ಷ ಆಯಿತು, ತಪ್ಪು ನನ್ನದು ಅಂದೆ. ಅವರು ಏನೋ ಬರೆದುಕೊಂಡರು. ಸೀಟು ಹೋಯಿತು ಅಂತಲೇ ಎದ್ದು ಬಂದೆ. ಮೊನ್ನೆ ಶುಕ್ರವಾರ ಪತ್ರ ಬಂತು. ಓದಿ ಅಡುಗೆಮನೆಯಲ್ಲಿ ಕುಣಿದೆ ಕಣೆ, ಈ ಮೊಣಕಾಲು ನೋವಿನಲ್ಲೂ.

ನಿನ್ನ ಅತ್ತೆ ಚನ್ನವೀರಮ್ಮನವರಿಗೆ ನಮಸ್ಕಾರ ಹೇಳು. ನಾನು ಇನ್ನೂ ನೋಡದ ನಿನ್ನ ಮಗಳಿಗೆ ತುಂಬು ಆಶೀರ್ವಾದ. ಅವಳಿಗೆ ನಿನ್ನ ಬುದ್ಧಿ ಬರಲಿ, ನನ್ನ ಸಿಟ್ಟು ಸ್ವಲ್ಪ ಬಂದರೂ ಪರವಾಗಿಲ್ಲ.

ನಿನ್ನ
ಪಂಪಿ (ಹೊರಗಿನವರಿಗೆ ಪಂಪಾವತಿ)

ತಾ.ಕ.: ನಮ್ಮ ನಡುಮನೆಯ ಗೋಡೆಯ ಮೇಲೆ ಒಂದು ಫೋಟೊ ಇದೆ, ವರ್ತಕರ ಸಂಘದವರು ಟೋಕನ್ನಿಗಾಗಿ ನನಗೆ ಶಾಲು ಹೊದಿಸಿದ ದಿನದ್ದು. ಅವತ್ತು ವೇದಿಕೆಯ ಮೇಲೆ ನಾನು ನಿನ್ನ ಹೆಸರು ಹೇಳಲಿಲ್ಲ, ಆಮೇಲೆ ನಿನ್ನ ಮನೆಯ ಕಡೆ ಕಾಲಿಡಲೂ ಇಲ್ಲ. ಅದನ್ನು ಅರ್ಜಿಯಲ್ಲೇ ಬರೆದಿದ್ದೇನೆ. ಬರೆಯಲಾಗದೆ ಹೋದದ್ದು ಇದು: ನಾನು ಕೆಳಗಿಳಿದಾಗ ನೀನು ನನ್ನ ಶಾಲಿನ ಮಡಿಕೆ ಸರಿಮಾಡಿ, "ನಗಲೇ ಪಂಪಿ, ಮಾರಿ ಯಾಕ ಬಿಗಿ ಹಿಡದಿ" ಅಂದು ಆ ಫೋಟೊ ತೆಗೆದೆ. ನಾನು ನಕ್ಕೆ. ಮನೆಗೆ ಬಂದವರು ಚೆನ್ನಾಗಿ ಬಂದಿದೆ, ಯಾರು ತೆಗೆದದ್ದು ಅಂತ ಕೇಳಿದಾಗಲೆಲ್ಲ "ಯಾರೋ ತೆಗೆದರು" ಅನ್ನುತ್ತ ಬಂದಿದ್ದೇನೆ. ಭಾನುವಾರ ನಿನ್ನ ಬಾಗಿಲ ಮುಂದೆ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತಿರುತ್ತೇನೆ. ನನ್ನ ಸರದಿ ಬಂದಾಗ ಕರಿ.